ಇನ್ನೊಂದು ತುತ್ತು ಬೇಡ

ಹುಟ್ಟಿದ ದಿನ ಗ್ರೇಟ್ ಡೇನ್ ಮರಿಯ ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು, ಅಷ್ಟೇ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಅದೇ ಮರಿ 50-60 ಕಿಲೋ ತೂಗುತ್ತೆ. ಹತ್ತಿರ ಹತ್ತಿರ 100 ಪಟ್ಟು! ಮನುಷ್ಯರ ಕೂಸು 3 ಕಿಲೋದಿಂದ 60 ಕಿಲೋಗೆ ಬರೋದಕ್ಕೆ, ಅಂದರೆ ಬರೀ 20 ಪಟ್ಟು ಆಗೋದಕ್ಕೆ, 18 ವರ್ಷ ಬೇಕು.

ಇಂಥ ಮರಿಯನ್ನು ಮನೆಗೆ ತಂದವರಿಗೆ ನೆಂಟರು, ಪಕ್ಕದ ಫ್ಲ್ಯಾಟಿನವರು, ಮರಿ ಮಾರಿದವರು ಎಲ್ಲರೂ ಕೊಡುವ ಸಲಹೆ ಒಂದೇ. "ಚೆನ್ನಾಗಿ ತಿನ್ನಿಸಿ, ಕ್ಯಾಲ್ಸಿಯಂ ಹಾಕಿ, ಮೂಳೆ ಗಟ್ಟಿಯಾಗ್ಲಿ." ಊಟದ ಚೀಲದ ಜೊತೆಗೇ ಕ್ಯಾಲ್ಸಿಯಂ ಬಾಟಲಿಯೂ ಮನೆಗೆ ಬರುತ್ತೆ. ದೈತ್ಯ ತಳಿಯ ಮರಿಗೆ ಈ ಸಲಹೆ ತಪ್ಪು. ಹಾಗಂತ ಇದು ಯಾರೋ ತಲೆಕೆಟ್ಟು ಹೇಳಿದ್ದಲ್ಲ. ಒಂದು ಕಾಲಕ್ಕೆ ಇದೇ ಸರಿಯಾದ ಸಲಹೆ ಆಗಿತ್ತು. ಸರಿಯಾಗಿದ್ದದ್ದು ತಪ್ಪಾಗಿದ್ದು ಹೇಗೆ ಅನ್ನೋದೇ ಈ ಕಥೆ.

1889ರ ಸುಮಾರಿಗೆ ಲಂಡನ್ ಝೂನಲ್ಲಿ ಸಿಂಹದ ಮರಿಗಳು ಬದುಕ್ತಾ ಇರಲಿಲ್ಲ. ಕಾಲು ಸೊಟ್ಟಗಾಗೋದು, ನಡೆಯೋಕೆ ಆಗದೆ ಸಾಯೋದು. ಅವಕ್ಕೆ ಹಾಕ್ತಾ ಇದ್ದದ್ದು ಮೂಳೆ ತೆಗೆದ ಕುದುರೆ ಮಾಂಸ. ಜಾನ್ ಬ್ಲಾಂಡ್-ಸಟನ್ ಅನ್ನೋ ಸರ್ಜನ್, ಮೂಳೆ ಪುಡಿ ಮಾಡಿ ಹಾಕಿ, ಕಾಡ್ ಲಿವರ್ ಆಯಿಲ್ ಕೊಡಿ ಅಂದರು. ಕೆಲವೇ ತಿಂಗಳಲ್ಲಿ ಮರಿಗಳು ಚೇತರಿಸಿಕೊಂಡವು.

ಆಗಿನ ಇಂಗ್ಲೆಂಡಿನ ಕಾರ್ಖಾನೆ ಊರುಗಳಲ್ಲಿ ಮಕ್ಕಳದ್ದೂ ಇದೇ ಪಾಡು. ಹೊಗೆ ಕವಿದ ಆಕಾಶ, ಬಡ ಊಟ, ಬಿಲ್ಲಿನ ಹಾಗೆ ಬಾಗಿದ ಕಾಲು. ಈ ರಿಕೆಟ್ಸ್ ರೋಗದ ಮೂಲ ಹುಡುಕಲು ಹೊರಟ ಎಡ್ವರ್ಡ್ ಮೆಲನ್‌ಬಿ ಪ್ರಯೋಗ ಮಾಡಿದ್ದು ನಾಯಿಮರಿಗಳ ಮೇಲೆ. ಒಳಗೇ ಕೂಡಿಹಾಕಿ ಓಟ್ಸ್ ಗಂಜಿಯಂಥ ಊಟ ಹಾಕಿದರೆ ಮರಿಗಳ ಕಾಲು ಸೊಟ್ಟಗಾಗುತ್ತೆ, ಕಾಡ್ ಲಿವರ್ ಆಯಿಲ್ ಕೊಟ್ಟರೆ ಆಗಲ್ಲ ಅಂತ 1919ರಲ್ಲಿ ತೋರಿಸಿಕೊಟ್ಟರು. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಂ ಆ ಎಣ್ಣೆಯಲ್ಲಿದ್ದ ಗುಣವನ್ನು ಬೇರ್ಪಡಿಸಿ ಗುರುತಿಸಿದರು. ಅದೇ ವಿಟಮಿನ್ ಡಿ. ಇವತ್ತು ನಮ್ಮ ಮಕ್ಕಳಿಗೆ ಹಾಕಿಸುವ ವಿಟಮಿನ್ ಡಿ ಡ್ರಾಪ್ಸ್ ಹಿಂದೆ ಆ ನಾಯಿಮರಿಗಳ ಋಣ ಇದೆ.

ಇಲ್ಲಿಗೆ ಪಾಠ ಸ್ಪಷ್ಟ. ಮೂಳೆ ಸೊಟ್ಟಗಾದರೆ ಏನೋ ಕಮ್ಮಿ ಇದೆ, ಸೇರಿಸಿ. ಮನೆಯಲ್ಲಿ ಉಳಿದದ್ದು, ಕಸಾಯಿಖಾನೆಯಲ್ಲಿ ಮಿಕ್ಕಿದ್ದು ತಿಂದು ಬೆಳೆಯುತ್ತಿದ್ದ ನಾಯಿಗಳಿಗೆ ಈ ಪಾಠ ಸರಿಯಾಗೇ ಹೊಂದುತ್ತಿತ್ತು.

ಆದರೆ ಅಷ್ಟರಲ್ಲಿ ಎರಡು ವಿಷಯ ಬದಲಾಗಿತ್ತು. ಒಂದು, ನಾಯಿಯ ಗಾತ್ರ. ಸ್ವಿಟ್ಜರ್ಲೆಂಡಿನ ಸೇಂಟ್ ಬರ್ನಾರ್ಡ್ ಕಣಿವೆಯ ಮಠದಲ್ಲಿ 1800ರಿಂದ ಹಿಮದಲ್ಲಿ ಸಿಕ್ಕಿಕೊಂಡವರನ್ನು ಕಾಪಾಡಿ ಹೆಸರಾದ ಬ್ಯಾರಿ ಅನ್ನೋ ನಾಯಿಯನ್ನು ಈಗಲೂ ಬರ್ನ್ ನಗರದ ಮ್ಯೂಸಿಯಂನಲ್ಲಿ ನೋಡಬಹುದು. ಅದರ ತೂಕ 40-45 ಕಿಲೋ ಇದ್ದಿರಬಹುದು ಅನ್ನೋ ಅಂದಾಜಿದೆ. ಇವತ್ತಿನ ಗಂಡು ಸೇಂಟ್ ಬರ್ನಾರ್ಡ್ 65 ಕಿಲೋ ದಾಟೋದು ಮಾಮೂಲು. 19ನೇ ಶತಮಾನದ ಕೊನೆಯ ಹೊತ್ತಿಗೆ ಡಾಗ್ ಶೋಗಳು ಶುರುವಾದವು, ತಳಿಗಳ ದಾಖಲೆ ಪುಸ್ತಕಗಳು ಬಂದವು, ದೊಡ್ಡ ನಾಯಿ ಇನ್ನೂ ದೊಡ್ಡದಾಯಿತು.

ಎರಡನೇದು, ಊಟ. 1860ರ ಸುಮಾರಿಗೆ ಜೇಮ್ಸ್ ಸ್ಪ್ರಾಟ್ ಅನ್ನೋ ಅಮೆರಿಕನ್ ಲಂಡನ್ನಿನಲ್ಲಿ ನಾಯಿ ಬಿಸ್ಕತ್ತು ಮಾರೋಕೆ ಶುರು ಮಾಡಿದ್ದ. ಹಡಗುಕಟ್ಟೆಯಲ್ಲಿ ನಾವಿಕರು ಎಸೆದ ಬಿಸ್ಕತ್ತನ್ನು ನಾಯಿಗಳು ಮುಗಿಬಿದ್ದು ತಿನ್ನೋದು ನೋಡಿ ಅವನಿಗೆ ಈ ಐಡಿಯಾ ಬಂತು ಅಂತ ಕಥೆ. 1957ರಲ್ಲಿ ಅಮೆರಿಕದ ಪ್ಯೂರಿನಾ ಕಂಪನಿ, ತಿಂಡಿಯ ಸೀರಿಯಲ್ ಮಾಡುವ ಯಂತ್ರದ ವಿಧಾನದಲ್ಲೇ ನಾಯಿಗೆ ಉಬ್ಬಿದ ಒಣ ಕಾಳು ಮಾಡಿ ಮಾರಿತು. ಈಗ ಚೀಲದಲ್ಲಿ ಬರುವ ಡ್ರೈ ಫುಡ್ ಬಹುಪಾಲು ಇದೇ ಬಗೆಯದು. ಕ್ಯಾಲ್ಸಿಯಂ, ರಂಜಕ, ವಿಟಮಿನ್ ಎಲ್ಲ ಲೆಕ್ಕ ಹಾಕಿ ಒಳಗೇ ಸೇರಿಸಿ ಕೊಡೋದು ರೂಢಿಯಾಯಿತು.

ಕೊರತೆ ಹೋಯಿತು, ಕೊರತೆಗೆ ಮಾಡಿದ ಔಷಧಿ ಮಾತ್ರ ಉಳಿಯಿತು. ನಮ್ಮ ಕೋಡ್‌ನಲ್ಲೂ ಹೀಗಾಗುತ್ತೆ. ಹಳೇ ವರ್ಷನ್ನಿನ ಬಗ್‌ಗೆ ಬರೆದ ಪ್ಯಾಚನ್ನು ಯಾರೂ ತೆಗೆಯೋದಿಲ್ಲ, ಹೊಸ ವರ್ಷನ್ನಿನಲ್ಲಿ ಅದೇ ಬಗ್ ಆಗಿ ಕೂತಿರುತ್ತೆ.

ಈ ಬಗ್ ಸಿಕ್ಕಿದ್ದು 1974ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ. ಓಕೆ ಹೆಡ್‌ಹಮ್ಮರ್ ಮತ್ತು ಜೊತೆಯವರು 24 ಗ್ರೇಟ್ ಡೇನ್ ಮರಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪುಷ್ಟಿಯಾದ ಊಟ, ತಿಂದಷ್ಟೂ ಹಾಕಿದರು. ಇನ್ನೊಂದಕ್ಕೆ ಅದೇ ಊಟ, ಆದರೆ ಮೂರರಲ್ಲಿ ಎರಡು ಪಾಲು ಮಾತ್ರ. ಹೊಟ್ಟೆ ತುಂಬ ತಿಂದವು ಬೇಗ ಬೆಳೆದವು, ನೋಡೋಕೂ ಚೆಂದ ಕಂಡವು. ಆಮೇಲೆ ಅವುಗಳ ಕೀಲು ಊದಿತು, ಪಾದ ಚಪ್ಪಟೆಯಾಯಿತು, ಬೆನ್ನುಮೂಳೆಯಲ್ಲೂ ತೊಂದರೆ ಕಾಣಿಸಿಕೊಂಡಿತು. ಮೂಳೆಯ ಕಾಯಿಲೆ ಜಾಸ್ತಿ ಬಂದದ್ದು ಹಸಿದವಕ್ಕಲ್ಲ, ಉಂಡವಕ್ಕೆ.

ಕಾರಣ ಅರ್ಥ ಮಾಡಿಕೊಳ್ಳೋದು ಕಷ್ಟವಲ್ಲ. ಮರಿಯ ಮೂಳೆಯ ತುದಿಯಲ್ಲಿ ಮೊದಲು ಮೆದು ಮೂಳೆ ಹುಟ್ಟುತ್ತೆ, ನಿಧಾನಕ್ಕೆ ಅದು ಗಟ್ಟಿಯಾಗುತ್ತೆ. ಮೈಯ ಭಾರ ಇದಕ್ಕಿಂತ ಬೇಗ ಏರಿದರೆ, ಕ್ಯೂರಿಂಗ್ ಆಗದ ಪಿಲ್ಲರ್ ಮೇಲೆ ಇನ್ನೆರಡು ಮಹಡಿ ಕಟ್ಟಿದ ಹಾಗೆ.

ಸರಿ, ಊಟ ಜಾಸ್ತಿಯಾಗಿದ್ದು ತೊಂದರೆ, ಕ್ಯಾಲ್ಸಿಯಂದೇನು ತಪ್ಪು? ಇದಕ್ಕೆ ಉತ್ತರ ಸಿಕ್ಕಿದ್ದು ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ. 1985ರಲ್ಲಿ ಹಾಜೆವಿಂಕೆಲ್ ಮತ್ತು ಸಂಗಡಿಗರು ಗ್ರೇಟ್ ಡೇನ್ ಮರಿಗಳಿಗೆ ಮಾಮೂಲಿನ ಮೂರು ಪಟ್ಟು ಕ್ಯಾಲ್ಸಿಯಂ ಕೊಟ್ಟು ನೋಡಿದರು. ಮೆದು ಮೂಳೆ ಗಟ್ಟಿಯಾಗುವ ಕೆಲಸವೇ ಕೆಟ್ಟುಹೋಯಿತು. ಬೆಳೆದ ನಾಯಿಯ ಕರುಳು ಬೇಕಾದಷ್ಟು ಕ್ಯಾಲ್ಸಿಯಂ ತಗೊಂಡು ಉಳಿದದ್ದನ್ನು ಬಿಟ್ಟುಬಿಡುತ್ತೆ. ಎಳೇ ಮರಿಗೆ ಆ ಹಿಡಿತ ಇಲ್ಲ, ಬಂದದ್ದರಲ್ಲಿ ದೊಡ್ಡ ಪಾಲನ್ನು ಒಳಗೆ ಬಿಟ್ಟುಕೊಳ್ಳುತ್ತೆ. 1991ರಲ್ಲಿ ಅದೇ ಊರಿನವರು ಪ್ರೋಟೀನನ್ನೂ ಪರೀಕ್ಷೆ ಮಾಡಿದರು. ಪ್ರೋಟೀನ್ ಜಾಸ್ತಿಯಾದರೆ ಮೂಳೆ ಕೆಡುತ್ತೆ ಅನ್ನೋ ಮಾತಿಗೆ ಪುರಾವೆ ಸಿಗಲಿಲ್ಲ. ನಿಜವಾದ ಅಪರಾಧಿಗಳು ಎರಡೇ: ಅತಿಯಾದ ಊಟ, ಅತಿಯಾದ ಕ್ಯಾಲ್ಸಿಯಂ.

ನನ್ನ ಗೆಳೆಯರೊಬ್ಬರ ಮನೆಯ ಗ್ರೇಟ್ ಡೇನ್ ಮರಿ ನಾಲ್ಕನೇ ತಿಂಗಳಲ್ಲಿ ಮುಂಗಾಲಿನ ಮಣಿಕಟ್ಟು ಬಾಗಿಸಿಕೊಂಡು ನಿಲ್ಲೋಕೆ ಶುರು ಮಾಡಿತು. ಮನೆಯವರು ಹೆದರಿ ಕ್ಯಾಲ್ಸಿಯಂ ಡೋಸ್ ಇನ್ನೂ ಏರಿಸಿದ್ದರು. ಕಾಲು ಸೊಟ್ಟ ಕಂಡರೆ ಕೈ ಬಾಟಲಿಗೇ ಹೋಗುತ್ತೆ, 1889ರ ಪಾಠ ಅಷ್ಟು ಆಳಕ್ಕೆ ಇಳಿದಿದೆ. ಪಶುವೈದ್ಯರು ಮೊದಲು ಮಾಡಿದ್ದು ಬಾಟಲಿ ನಿಲ್ಲಿಸಿದ್ದು, ಆಮೇಲೆ ಊಟ ಅಳೆದು ಹಾಕಿ ಅಂದಿದ್ದು. ಅದು ಸರಿಹೋಯಿತು. ಎಲ್ಲ ಮರಿಗಳಿಗೂ ಆ ಅದೃಷ್ಟ ಇರೋದಿಲ್ಲ. ಗ್ರೇಟ್ ಡೇನ್ ಬದುಕೋದೇ ಎಂಟು-ಹತ್ತು ವರ್ಷ. ಮೊದಲ ವರ್ಷ ಕೆಟ್ಟ ಕಾಲನ್ನು ಉಳಿದಷ್ಟೂ ವರ್ಷ ಎಳೀಬೇಕು.

ಊರಲ್ಲಿ ನಮ್ಮಜ್ಜಿ ಕರುವನ್ನು ಕೆಚ್ಚಲಿಗೆ ಬಿಟ್ಟು ಸ್ವಲ್ಪ ಹೊತ್ತಿಗೇ ಎಳೆದು ಕಟ್ಟುತ್ತಿದ್ದರು. ಹಾಲು ಕರೆಯೋ ಆಸೆ ಇತ್ತು ನಿಜ. ಅದರ ಜೊತೆಗೆ, ಜಾಸ್ತಿ ಕುಡಿದರೆ ಕರು ಕಕ್ಕುಲಾತಿಯಿಂದಲೇ ಕೆಡುತ್ತೆ, ಭೇದಿ ಹತ್ತುತ್ತೆ ಅನ್ನೋದೂ ಗೊತ್ತಿತ್ತು. ಆದರೆ ನಮಗೆ ಊಟ ಬಡಿಸುವಾಗ ಅದೇ ಅಜ್ಜಿ "ಇನ್ನೊಂದು ತುತ್ತು" ಅನ್ನದೆ ಬಿಡುತ್ತಿರಲಿಲ್ಲ. ಬರ ಕಂಡವರ ಪ್ರೀತಿ ಹಾಗೇ ಇರುತ್ತೆ. ಮರಿ ವಿಷಯದಲ್ಲಿ ನಾವು ಕರು ಕಟ್ಟುವ ಅಜ್ಜಿಯ ಮಾತು ಕೇಳಬೇಕು.

ದೊಡ್ಡ ನಾಯಿಗಳ ಬಗ್ಗೆ ಇನ್ನೊಂದು ಸಾಕ್ಷಿ 2002ರಲ್ಲಿ ಬಂತು. ಪ್ಯೂರಿನಾದವರೇ 48 ಲ್ಯಾಬ್ರಡಾರ್‌ಗಳನ್ನು ಜೀವಮಾನ ಪೂರ್ತಿ ಗಮನಿಸಿದ್ದರು. ಜೋಡಿಗಿಂತ 25% ಕಡಿಮೆ ತಿಂದವು ಮಧ್ಯಮ ಲೆಕ್ಕದಲ್ಲಿ 13 ವರ್ಷ ಬದುಕಿದವು, ಉಳಿದವು 11.2 ವರ್ಷ. ಕೀಲುನೋವೂ ತಡವಾಗಿ ಬಂತು. 2016ರ ಹೊತ್ತಿಗೆ ಅಮೆರಿಕದಲ್ಲಿ ನಾಯಿ ಊಟದ ಮಾನದಂಡ ಹೇಳುವ ಆಫ್ಕೋ ಸಂಸ್ಥೆ ದೊಡ್ಡ ತಳಿಯ ಮರಿಗಳಿಗೆ ಬೇರೆಯೇ ಮಿತಿ ಇಟ್ಟಿತು. ನೀರಿನಂಶ ಬಿಟ್ಟ ಲೆಕ್ಕದಲ್ಲಿ ಕ್ಯಾಲ್ಸಿಯಂ 1.8% ದಾಟಬಾರದು. ಆ ಮಾನದಂಡ ಪಾಲಿಸುವ ಚೀಲದ ಹಿಂಬದಿಯಲ್ಲಿ, ದೊಡ್ಡದಾದ ಮೇಲೆ 70 ಪೌಂಡ್, ಅಂದರೆ ಸುಮಾರು 32 ಕಿಲೋ ಮೀರುವ ನಾಯಿಗಳ ಬೆಳವಣಿಗೆಗೂ ಆಗುತ್ತೆ ಅಂತ ಸಣ್ಣಕ್ಷರದಲ್ಲಿ ಒಂದು ಸಾಲು ಇರುತ್ತೆ. ಕಾರ್ನೆಲ್‌ನ ಪ್ರಯೋಗದಿಂದ ಆ ಸಾಲಿನ ತನಕ ಬರೋಕೆ ನಾಲ್ಕು ದಶಕ ಹಿಡಿಯಿತು.

ಮನೆಗೆ ದೈತ್ಯ ಮರಿ ಬಂದಿದ್ದರೆ ಆ ಸಾಲು ಹುಡುಕಿ. ಅಂಥ ಊಟ ಹಾಕ್ತಾ ಇದ್ದರೆ ಮೇಲೆ ಕ್ಯಾಲ್ಸಿಯಂ ಬೇಡ, ವಿಟಮಿನ್ ಡಿಯೂ ಬೇಡ. ಬಟ್ಟಲು ಸದಾ ತುಂಬಿಡಬೇಡಿ, ಅಳೆದು ದಿನಕ್ಕೆ ಮೂರ್ನಾಲ್ಕು ಸಲ ಹಾಕಿ. ಮೈ ಸವರಿದಾಗ ಪಕ್ಕೆಲುಬು ಕೈಗೆ ಸಿಗಬೇಕು. ಮನೆಯಲ್ಲೇ ಅಡುಗೆ ಮಾಡಿ ಹಾಕೋರಾದರೆ ಕಥೆ ಉಲ್ಟಾ: ಅನ್ನ, ಮೂಳೆಯಿಲ್ಲದ ಚಿಕನ್ ಅಷ್ಟೇ ಆದರೆ ಅದು ಲಂಡನ್ ಝೂನ ಸಿಂಹದ ಮರಿಯ ಊಟವೇ. ಅಲ್ಲಿ ಕ್ಯಾಲ್ಸಿಯಂ ಬೇಕು, ಎಷ್ಟು ಅಂತ ಪಶುವೈದ್ಯರು ಲೆಕ್ಕ ಹಾಕಿ ಹೇಳಬೇಕು.

ಮರಿ ಬಡಕಲು ಕಾಣುತ್ತೆ ಅಂತ ಲಿಫ್ಟಿನಲ್ಲಿ ಯಾರಾದರೂ ಅಂದೇ ಅಂತಾರೆ. ತಲೆ ಕೆಡಿಸಿಕೊಳ್ಳಬೇಡಿ. ನಿಧಾನಕ್ಕೆ ಬೆಳೆದ ಮರಿ ಕುಳ್ಳಾಗಿ ಉಳಿಯೋದಿಲ್ಲ. ಅಪ್ಪ-ಅಮ್ಮನಿಂದ ಬಂದ ಎತ್ತರಕ್ಕೆ ಅದು ಮುಟ್ಟೇ ಮುಟ್ಟುತ್ತೆ, ಕೆಲವು ತಿಂಗಳು ತಡವಾಗಿ, ನೆಟ್ಟಗಿನ ಕಾಲಿನ ಮೇಲೆ.