ಮಗ ಕುಡಿತ ಬಿಟ್ಟ ಮೇಲೆ: ಮನೆಯಲ್ಲಿ ಕಾದವರ ಇತಿಹಾಸ

ಬೆಳೆ ವಿಮೆ ಸುದ್ದಿಗೆಂದು ಚಿತ್ರದುರ್ಗದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಮಾತಾಡಲು ಕೂತ ಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇತ್ತು. ದಿನಕ್ಕೊಂದರಂತೆ ಪೆನ್ಸಿಲ್ಲಿನ ಸಣ್ಣ ಗೆರೆ ಎಳೆದಿದ್ದರು. ಹಾಲಿನ ಲೆಕ್ಕವೇನಮ್ಮಾ ಅಂದೆ.

"ಹಾಲಿಂದಲ್ಲ ಕಣಪ್ಪ, ನಮ್ಮ ಹುಡುಗಂದು. ಕುಡಿಯೋದು ಬಿಟ್ಟು ಇವತ್ತಿಗೆ ನಲವತ್ತೊಂದು ದಿನ ಆತು" ಅಂದರು ಆ ತಾಯಿ. ಹುಡುಗ ಅಂದರೆ ಮೂವತ್ತು ದಾಟಿದವನು, ಎರಡು ಮಕ್ಕಳ ತಂದೆ. ಪೆನ್ನಲ್ಲೇ ಹಾಕಬಹುದಿತ್ತಲ್ಲ ಅಂದದ್ದಕ್ಕೆ, "ಪೆನ್ನಲ್ಲಿ ಹಾಕಿದ್ರೆ ಅಳಿಸಾಕೆ ಬರಲ್ಲ" ಅಂದರು. ದೃಷ್ಟಿ ಆದೀತು ಅಂತ ಊರಲ್ಲಿ ಯಾರಿಗೂ ಹೇಳಿರಲಿಲ್ಲ.

ಹೊರಡುವಾಗ ಬಾಗಿಲವರೆಗೂ ಬಂದು ಮೆಲ್ಲಗೆ ಕೇಳಿದರು: "ನೀವು ಓದಿದೋರು. ಇದು ವಾಸಿ ಆಗೋ ಕಾಯ್ಲೇನಾ? ನಾನು ಆಸೆ ಇಟ್ಕಬೋದಾ?"

ಆ ಹೊತ್ತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ಹಲವು ದಿನ ಹುಡುಕಿ ಓದಿದೆ. ಇದೇ ಪ್ರಶ್ನೆ ಇಟ್ಟುಕೊಂಡು ಕಾದವರು ಬಹಳ ಜನ. ಅವರ ಕಥೆ ನಿಮಗೂ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ.

ಕುಡಿತದ ಇತಿಹಾಸದಲ್ಲಿ ನಮಗೆ ಹೆಚ್ಚು ಗೊತ್ತಿರುವುದು ಹೋರಾಟದ ಭಾಗ. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ ಅಕ್ಷರ ಕಲಿಯಲು ಸೇರುತ್ತಿದ್ದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಅದು ಊರಿಂದೂರಿಗೆ ಹಬ್ಬಿ, ಮರುವರ್ಷ ಆಂಧ್ರ ಸರ್ಕಾರ ಸಾರಾಯಿ ನಿಲ್ಲಿಸಬೇಕಾಯಿತು. ನಮ್ಮಲ್ಲಿ ಸಾರಾಯಿ ಪ್ಯಾಕೆಟ್ ನಿಂತದ್ದು 2007ರ ಜುಲೈ 1ರಂದು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಸಾವಿರಾರು ಹೆಂಗಸರು ಇದೇ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರು. ಆ ಚಳಿಯಲ್ಲಿ ನಡೆದವರಲ್ಲಿ ತಾಯಂದಿರು, ಅಜ್ಜಿಯಂದಿರೂ ಇದ್ದರು.

ಸಾರಾಯಿ ಹೋಯಿತು. ಅದರ ಜಾಗಕ್ಕೆ ಕಡಿಮೆ ಬೆಲೆಯ ವಿಸ್ಕಿ, ಬ್ರಾಂದಿ ಬಂದವು. ಈಗ ಗೂಡಂಗಡಿಯಲ್ಲೂ ನೈಂಟಿ ಸಿಗುತ್ತದೆ ಅನ್ನುವುದು ಹಳ್ಳಿಯಲ್ಲಿರುವ ನಿಮಗೆ ನಾನು ಹೇಳಬೇಕಿಲ್ಲ. ಅಂಗಡಿ ಮುಚ್ಚಿಸುವುದು ಒಂದು ಕೆಲಸ. ಆಗಲೇ ಕುಡಿತಕ್ಕೆ ಮೈ ಒಪ್ಪಿಸಿದವನನ್ನು ವಾಪಸ್ ತರುವುದು ಬೇರೆಯೇ ಕೆಲಸ. ಆ ಎರಡನೆಯ ಕೆಲಸಕ್ಕೂ ಒಂದು ಇತಿಹಾಸ ಇದೆ.

ಬಹಳ ಕಾಲ ಕುಡುಕ ಎಂದರೆ ಕೆಟ್ಟವನು, ಮನಸ್ಸು ಗಟ್ಟಿ ಇಲ್ಲದವನು ಅಂತಲೇ ಲೆಕ್ಕ. ಅವನ ಜೊತೆಗೆ ತಾಯಿಗೂ ಒಂದು ಮಾತು ಬೀಳುತ್ತಿತ್ತು: ಮುದ್ದು ಮಾಡಿ ಕೆಡಿಸಿದಳು. 1784ರಲ್ಲಿ ಅಮೆರಿಕದ ಬೆಂಜಮಿನ್ ರಶ್ ಎಂಬ ವೈದ್ಯ ಮದ್ಯದ ಹಾವಳಿ ಬಗ್ಗೆ ಒಂದು ಕಿರುಪುಸ್ತಕ ಬರೆದು, ವಿಪರೀತ ಕುಡಿತವನ್ನು ಕಾಯಿಲೆಯಂತೆ ನೋಡಬೇಕು ಅಂದ. ಆ ದೇಶದ ವೈದ್ಯರ ಸಂಘ ಇದನ್ನು ಕಾಯಿಲೆ ಎಂದು ಒಪ್ಪಿ ನಿರ್ಣಯ ಮಾಡಿದ್ದು 1956ರಲ್ಲಿ. ನಡುವೆ 172 ವರ್ಷ ಕಳೆದಿದ್ದವು. ವೈದ್ಯರೇ ಒಪ್ಪಲು ಅಷ್ಟು ಕಾಲ ಹಿಡಿದ ಮಾತು ಪಕ್ಕದ ಮನೆಯವರ ತಲೆಗೆ ಇನ್ನೂ ಹೋಗಿಲ್ಲ ಅಂದರೆ ಆಶ್ಚರ್ಯವಿಲ್ಲ. ಆದರೆ ತಾಯಿ ತಂದೆ ತಮ್ಮನ್ನು ತಾವೇ ಬೈದುಕೊಳ್ಳುವುದನ್ನು ಇವತ್ತೇ ನಿಲ್ಲಿಸಬಹುದು.

ಕಾಯಿಲೆ ಎಂದ ಮೇಲೆ ಔಷಧಿ ಹುಡುಕಬೇಕಲ್ಲ. ಮೊದಲ ಔಷಧಿಗಳಲ್ಲಿ ಒಂದು ಸಿಕ್ಕಿದ್ದು ಅಚಾನಕ್ಕಾಗಿ. 1940ರ ದಶಕದಲ್ಲಿ ಡೆನ್ಮಾರ್ಕಿನ ಇಬ್ಬರು ವಿಜ್ಞಾನಿಗಳು ಹೊಟ್ಟೆಹುಳಕ್ಕೆ ಆದೀತೇ ಎಂದು ಡೈಸಲ್ಫಿರಾಮ್ ಎಂಬ ವಸ್ತುವನ್ನು ಪರೀಕ್ಷಿಸುತ್ತಿದ್ದರು. ತಾವೇ ನುಂಗಿ ನೋಡಿದರು. ಆಮೇಲೆ ಸ್ವಲ್ಪ ಮದ್ಯ ಒಳಗೆ ಹೋದರೂ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಒದ್ದಾಡುವಂತಾಯಿತು. 1948ರಲ್ಲಿ ಇದನ್ನು ಪ್ರಕಟಿಸಿದರು. ಈ ಮಾತ್ರೆ ಈಗಲೂ ಬಳಕೆಯಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆ. ಯಾರಿಗೂ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ, ಕುಡಿತ ಬಿಡುತ್ತಾರೆ ಎಂಬ ಜಾಹೀರಾತು ನೀವೂ ನೋಡಿರುತ್ತೀರಿ. ಇಂಥ ಔಷಧಿ ಒಳಗಿರುವುದು ಗೊತ್ತಿಲ್ಲದೆ ಆತ ಕುಡಿದರೆ ಜೀವಕ್ಕೇ ಕುತ್ತು ಬರಬಹುದು. ಮಾತ್ರೆ ನುಂಗುವವನಿಗೆ ತಿಳಿದಿರಬೇಕು, ಅವನು ಒಪ್ಪಿರಬೇಕು, ವೈದ್ಯರು ಬರೆದುಕೊಟ್ಟಿರಬೇಕು. ಹಾಗೆಯೇ ವರ್ಷಗಟ್ಟಲೆ ದಿನವೂ ಕುಡಿದವನನ್ನು ಕೋಣೆಗೆ ಕೂಡಿಹಾಕಿ ದಿಢೀರನೆ ಬಿಡಿಸಲೂ ಬಾರದು. ಕೈನಡುಕದಿಂದ ಶುರುವಾಗಿ ಫಿಟ್ಸ್, ಭ್ರಮೆವರೆಗೂ ಹೋಗಬಹುದು. ಮೊದಲ ಕೆಲವು ದಿನ ವೈದ್ಯರ ನಿಗಾ ಬೇಕೇ ಬೇಕು.

ಇನ್ನು ಆಸೆಯ ಮಾತು. 1935ರ ಮೇ ತಿಂಗಳಲ್ಲಿ, ಅಮೆರಿಕದವರು ತಾಯಂದಿರ ದಿನ ಆಚರಿಸುವ ಭಾನುವಾರ, ಆಕ್ರನ್ ಎಂಬ ಊರಲ್ಲಿ ಇಬ್ಬರು ಭೇಟಿಯಾದರು. ಒಬ್ಬ ಬಿಲ್ ವಿಲ್ಸನ್, ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಇನ್ನೊಬ್ಬ ಬಾಬ್ ಸ್ಮಿತ್ ಎಂಬ ಸರ್ಜನ್, ಇನ್ನೂ ಬಿಟ್ಟಿರಲಿಲ್ಲ. ಕುಡಿದು ಬಿಟ್ಟವನ ಮಾತು ಕುಡಿಯುವವನಿಗೆ ತಾಗಿತು. ಬಾಬ್ ಬಿಟ್ಟ. ಕೆಲವೇ ವಾರದಲ್ಲಿ ವೈದ್ಯರ ಸಮ್ಮೇಳನಕ್ಕೆಂದು ಬೇರೆ ಊರಿಗೆ ಹೋದವನು ಮತ್ತೆ ವಿಪರೀತ ಕುಡಿದು ಬಂದ. ಅಲ್ಲಿಗೆ ಮುಗಿಯಿತು ಅಂತ ಯಾರೂ ಕೈಬಿಡಲಿಲ್ಲ. ಜೂನ್ 10ರಂದು ಕೊನೆಯ ಬಾರಿ ಕುಡಿದ ಬಾಬ್, 1950ರಲ್ಲಿ ಸಾಯುವವರೆಗೂ ಮದ್ಯ ಮುಟ್ಟಲಿಲ್ಲ. ಇವತ್ತು ಜಗತ್ತಿನ ಎಷ್ಟೋ ದೇಶಗಳಲ್ಲಿರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗ ತನ್ನ ಹುಟ್ಟಿದ ದಿನವೆಂದು ಎಣಿಸುವುದು ಆ ಜೂನ್ 10ನ್ನೇ. ಒಮ್ಮೆ ಜಾರಿದವನ ಹೊಸ ಲೆಕ್ಕದಿಂದಲೇ ಅಷ್ಟು ದೊಡ್ಡ ಬಳಗದ ಲೆಕ್ಕ ಶುರು.

ಬಿಲ್‌ನ ಹೆಂಡತಿ ಲೋಯಿಸ್ ಕಥೆಯನ್ನೂ ಕೇಳಬೇಕು. ಗಂಡ ಕುಡಿತ ಬಿಟ್ಟ ಮೇಲೆ ಆಕೆಗೆ ನೆಮ್ಮದಿ ಸಿಗಬೇಕಿತ್ತು. ಆದರೆ ಒಂದು ದಿನ ಸಭೆಗೆ ಹೊತ್ತಾಯಿತು ಬೇಗ ಹೊರಡು ಅಂದದ್ದಕ್ಕೆ, ಕೈಗೆ ಸಿಕ್ಕ ಚಪ್ಪಲಿಯನ್ನೇ ಗಂಡನ ಮೇಲೆ ಎಸೆದಳು. ಇಷ್ಟು ವರ್ಷ ಅವನನ್ನು ಕಾಯುತ್ತ ತನ್ನ ಮನಸ್ಸೂ ಕಾಯಿಲೆ ಬಿದ್ದಿದೆ ಅಂತ ಆಗ ಆಕೆಗೆ ಹೊಳೆಯಿತು. ಕುಡಿಯುವವರ ಮನೆಯವರಿಗಾಗಿಯೇ 1951ರಲ್ಲಿ ಆಕೆ ಮತ್ತು ಜೊತೆಗಾತಿ ಸೇರಿ ಅಲ್-ಅನಾನ್ ಎಂಬ ಬಳಗ ಕಟ್ಟಿದರು. ಮಗ ಬಿಟ್ಟ ಮೇಲೂ ರಾತ್ರಿ ಬೈಕ್ ಸದ್ದಿಗೆ ಎಚ್ಚರಾಗುವ ತಾಯಿ, ಜೇಬು ತಡಕುವ ತಂದೆ ತಮಗೇನೋ ಆಗಿದೆ ಅಂತ ಹೆದರಬೇಕಿಲ್ಲ. ಗಾಯ ಮಾಯಲು ಅವರಿಗೂ ಕಾಲ ಬೇಕು.

ನಮ್ಮ ದೇಶದಲ್ಲಿ ಮನೆಯವರನ್ನು ಚಿಕಿತ್ಸೆಯ ಒಳಗೆ ತಂದ ದಾರಿ ಬೇರೆ ಇತ್ತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ವಾಪಸ್ ಕಳಿಸದೆ, ಆಸ್ಪತ್ರೆ ಆವರಣದಲ್ಲೇ ಟೆಂಟ್ ಹಾಕಿಸಿ ಉಳಿಸಿಕೊಂಡರು. ಮನೆಯವರು ಜೊತೆಗಿದ್ದ ರೋಗಿ ಬೇಗ ಚೇತರಿಸಿಕೊಂಡು ಊರಿಗೆ ಹೋಗುತ್ತಿದ್ದ. ಅದು ಕುಡಿತದ ಚಿಕಿತ್ಸೆಗೆಂದು ಶುರುವಾದದ್ದಲ್ಲ. ಆದರೂ ಮನೆಯವರು ಹೊರಗೆ ನಿಲ್ಲುವವರಲ್ಲ ಎಂಬ ಪಾಠ ವೆಲ್ಲೂರಿಗೆ, ನಮ್ಮ ನಿಮ್ಹಾನ್ಸ್‌ಗೆ ಬಂತು.

ಮದರಾಸಿನ ಶಾಂತಿ ರಂಗನಾಥನ್ ಕುಡಿತದಿಂದ ಗಂಡನನ್ನು ಕಳೆದುಕೊಂಡವರು. 1980ರಲ್ಲಿ ಅವರ ಹೆಸರಲ್ಲೇ ಚಿಕಿತ್ಸಾ ಕೇಂದ್ರ ತೆರೆದರು. ಪಟ್ಟಣದ ಆಸ್ಪತ್ರೆಗೆ ಹಳ್ಳಿಯ ಕೂಲಿಯವನು ಬರಲಾರ ಅನ್ನುವುದು ಅರ್ಥವಾಗಿ, ಆ ದಶಕದ ಕೊನೆಯಲ್ಲಿ ಕಾವೇರಿ ಬಯಲಿನ ಮಂಜಕ್ಕುಡಿ ಎಂಬ ಹಳ್ಳಿಗೇ ಚಿಕಿತ್ಸಾ ಶಿಬಿರ ಒಯ್ದರು. ಊರವರು ಜೊತೆಗೆ ನಿಂತರು, ಮನೆಯವರನ್ನೂ ಕೂರಿಸಿ ಮಾತಾಡಿದರು. ನಮ್ಮ ರಾಜ್ಯದಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಎಂಟು ದಿನದ ಮದ್ಯವರ್ಜನ ಶಿಬಿರಗಳು ಅನೇಕ ಊರುಗಳಿಗೆ ಗೊತ್ತು. ಶಿಬಿರ ಮುಗಿಸಿದವರು ಆಮೇಲೂ ಸೇರುತ್ತಿರಲಿ ಎಂದು ನವಜೀವನ ಸಮಿತಿಗಳಿವೆ. ಎಂಟು ದಿನ ಆರಂಭ ಮಾತ್ರ, ನಿಜವಾದ ಪರೀಕ್ಷೆ ಒಂಬತ್ತನೆಯ ದಿನ ಊರ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ.

ಸರ್ಕಾರಿ ದಾರಿಯೂ ದೂರ ಇಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು: ಮನಸ್ಸಿನ ಕಾಯಿಲೆಗೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಚಿಕಿತ್ಸೆ ಕೊಡುವುದು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಕುಡಿತಕ್ಕೂ ಚಿಕಿತ್ಸೆ ಕೇಳಬಹುದು. ವ್ಯಸನಮುಕ್ತಿಗೆ 14446, ಮನಸ್ಸಿನ ಕಷ್ಟಕ್ಕೆ 14416, ಈ ಸಹಾಯವಾಣಿಗಳಿಗೆ ಮನೆಯವರೂ ಫೋನ್ ಮಾಡಬಹುದು.

ಇಷ್ಟನ್ನೂ ಓದಿಕೊಂಡು ಆ ತಾಯಿಗೆ ಫೋನ್ ಮಾಡಿದೆ. "ಆಸೆ ಇಟ್ಕೊಳ್ಳಿ ಅಮ್ಮ. ಇದು ಶುಗರ್ ಇದ್ದ ಹಾಗೆ, ವಾಸಿ ಆಯ್ತು ಅಂತ ಮರೆಯೋ ಹಾಗಿಲ್ಲ, ದಿನಾ ನೋಡ್ಕೊಳ್ಳಬೇಕು. ಒಂದು ದಿನ ತಪ್ಪಿದ್ರೂ ಹಿಂದಿನ ಗೆರೆ ಅಳಿಸಬೇಡಿ. ಅಷ್ಟು ದಿನ ಅವನು ಬಿಟ್ಟಿದ್ದು ಸುಳ್ಳಲ್ಲ. ಆವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬೇರೆಯದೇ ಸಂಗತಿ ಹೇಳಿದರು. ಆವತ್ತು ಬೆಳಿಗ್ಗೆ ಗೊಬ್ಬರ ತರಬೇಕಿತ್ತಂತೆ. ಧೈರ್ಯ ಮಾಡಿ ಮಗನ ಕೈಗೆ ದುಡ್ಡು ಕೊಡಲು ಹೋದರೆ, ಅವನೇ ಬೇಡ ಅಂದನಂತೆ.

"ಕೈಯಾಗೆ ಕೊಡಬೇಡ ಕಣವ್ವ. ಆ ಅಂಗಡಿ ಪಕ್ಕದಾಗೇ ಬಾರ್ ಐತೆ. ಅವಳ ಫೋನಿಂದ ಅಂಗಡಿಯೋನಿಗೇ ಹಾಕ್ಸು, ನಾನು ಬರೀ ಮೂಟೆ ತರ್ತೀನಿ ಅಂದ ಕಣಪ್ಪ" ಅಂದರು. ದನಿ ನಡುಗುತ್ತಿತ್ತು. "ಅವನಿಗೇ ಅವನ ಭಯ ಗೊತ್ತಾಗೈತೆ ನೋಡು. ಇಷ್ಟು ವರ್ಷ ಆ ಭಯ ನಾನೊಬ್ಬಳೇ ಹೊತ್ಕಂಡಿದ್ದೆ."

ಮೂಟೆ ಬಂತೇನಮ್ಮಾ ಅಂದೆ.

"ಬಂತು. ಮಧ್ಯಾಹ್ನಕ್ಕೇ ಬಂದ, ಉಂಡು ಹೊಲಕ್ಕೆ ಹೋದ. ಇವತ್ತಿಗೆ ಐವತ್ಮೂರು."