ಪೇಟೆಗೆ ಬೆಳಕು ಬಂದ ದಾರಿ

ರಾತ್ರಿ ಹೂವಿನ ಮೂಟೆ ಹೇರಿಕೊಂಡು ನಮ್ಮೂರುಗಳಿಂದ ಹೊರಡುವ ಟೆಂಪೊ ಎಲ್ಲಿಗೆ ಹೋಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ. ನಾವು ಕೆಲವರು ಒಂದು ರಾತ್ರಿ ಅಂಥದ್ದೇ ಟೆಂಪೊ ಹತ್ತಿ ಹೋದೆವು. ಕೈಯಲ್ಲಿ ಇದ್ದದ್ದು ಮೊಬೈಲು ಮಾತ್ರ. ಹಳೇ ಪೇಟೆಯನ್ನು ಕತ್ತಲಲ್ಲಿ ನೋಡಬೇಕು, ಆದಷ್ಟು ಫೋಟೊ ತೆಗೆಯಬೇಕು ಎಂಬುದು ಆಸೆ.

ಹಗಲಿನ ಪೇಟೆ ನಿಮಗೆ ಗೊತ್ತು. ಕಾಲಿಡಲು ಜಾಗವಿರುವುದಿಲ್ಲ. ರಾತ್ರಿ ಹನ್ನೆರಡಾದ ಮೇಲೆ ಅಂಗಡಿಗಳ ಬಾಗಿಲು ಬಿದ್ದಾಗಲೇ ಬೀದಿಗಳ ಆಕಾರ ಕಾಣುವುದು. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ ಊರು ಹೂಡಿದಾಗ ಎರಡು ದೊಡ್ಡ ಬೀದಿಗಳು ಒಂದನ್ನೊಂದು ಕತ್ತರಿಸುವಂತೆ ಮಾಡಿದರು: ದೊಡ್ಡಪೇಟೆ, ಚಿಕ್ಕಪೇಟೆ. ದೊಡ್ಡಪೇಟೆಯೇ ಈಗಿನ ಅವೆನ್ಯೂ ರಸ್ತೆ. ಸುತ್ತ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ಈ ಹೆಸರುಗಳನ್ನು ಒಮ್ಮೆ ಜೋರಾಗಿ ಓದಿ ನೋಡಿ. ಅಕ್ಕಿ, ರಾಗಿ, ಅರಳೆ, ಎಣ್ಣೆ, ಮಡಕೆ. ಹಳ್ಳಿಯ ಬೆಳೆ ಮತ್ತು ಹಳ್ಳಿಯ ಕಸುಬು ಬಂದು ಸೇರಿದ್ದಕ್ಕೇ ಅದು ಪೇಟೆಯಾಯಿತು.

ಮಾರ್ಕೆಟ್ಟಿನ ಪಕ್ಕದಲ್ಲೇ ಹಳೇ ಕಲ್ಲಿನ ಕೋಟೆಯ ಒಂದು ತುಂಡು ಉಳಿದಿದೆ. ಅದರ ಹೆಬ್ಬಾಗಿಲಿಗೆ ದೆಹಲಿ ಬಾಗಿಲು ಎಂದು ಹೆಸರು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಮೊದಲು ಪೇಟೆಯನ್ನು ಹಿಡಿಯಿತು. ಎರಡು ವಾರ ಫಿರಂಗಿ ಹೊಡೆದು, 21ರ ರಾತ್ರಿ ಕೋಟೆಯೊಳಕ್ಕೆ ನುಗ್ಗಿತು. ಟಿಪ್ಪುವಿನ ಕಡೆಯ ಕಿಲ್ಲೇದಾರ ಬಹದ್ದೂರ್ ಖಾನ್ ಅಂದು ಕಾದಾಡುತ್ತಲೇ ಸತ್ತ. ಗೋಡೆ ಒಡೆದ ಜಾಗದಲ್ಲಿ ಇಂಗ್ಲಿಷರು ಕಲ್ಲಿನ ಫಲಕ ಹಾಕಿದ್ದಾರೆ.

ಆ ಯುದ್ಧವನ್ನು ಚಿತ್ರ ಬರೆದವರೂ ಇದ್ದಾರೆ. ರಾಬರ್ಟ್ ಹೋಮ್ ಎಂಬ ಇಂಗ್ಲಿಷ್ ಕಲಾವಿದ ಪೇಟೆಯ ಬಾಗಿಲಲ್ಲಿ ಸತ್ತ ಮೂರ್‌ಹೌಸ್ ಎಂಬ ಸೇನಾಧಿಕಾರಿಯ ದೊಡ್ಡ ವರ್ಣಚಿತ್ರ ಮಾಡಿದ. ಅದು ಈಗ ಲಂಡನ್ನಿನ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಚಿತ್ರದ ನಡುವೆ ಇರುವುದು ಆ ಅಧಿಕಾರಿ, ಚಿತ್ರದ ಹೆಸರಲ್ಲಿ ಇರುವುದೂ ಅವನೇ. ಅದೇ ಬಾಗಿಲ ಹಿಂದೆ ಮನೆಮಠ ಕಳೆದುಕೊಂಡ ಗಾಣಿಗರು, ನೇಕಾರರು ಏನಾದರು ಎಂದು ಯಾರೂ ಚಿತ್ರ ಬರೆಯಲಿಲ್ಲ. ಯಾರ ಮೇಲೆ ಬೆಳಕು ಬೀಳಬೇಕು ಎಂಬುದನ್ನು ಚಿತ್ರ ಮಾಡುವವನೇ ತೀರ್ಮಾನಿಸುತ್ತಾನೆ. ಆ ರಾತ್ರಿ ನಮಗೆ ಈ ಮಾತು ಮತ್ತೆ ಮತ್ತೆ ನೆನಪಾಯಿತು.

ಇನ್ನು ನಿಜವಾದ ಬೆಳಕಿನ ಕಥೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತೆಗೆದರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹೂಡಿದ ಯೋಜನೆ ಅದು. ಕರೆಂಟು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆಮೇಲೆ 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗೆ. ಆ ಮೊದಲ ದೀಪಗಳು ಹೊತ್ತಿದ್ದು ಇದೇ ಮಾರ್ಕೆಟ್ಟಿನ ಆಸುಪಾಸಿನಲ್ಲಿ. ಹಳಬರು ಈ ಜಾಗವನ್ನು ಸಿದ್ಧಿಕಟ್ಟೆ ಎನ್ನುತ್ತಿದ್ದರು.

ನೀರು ಹಳ್ಳಿಗಾಡಿನದು, ತಂತಿ ಹಾದದ್ದು ಹೊಲಗಳ ಮೇಲೆ, ಬೆಳಕು ಹೊತ್ತಿದ್ದು ಗಣಿಯಲ್ಲಿ ಮತ್ತು ಪೇಟೆಯಲ್ಲಿ. ತಂತಿಯ ಕೆಳಗಿನ ಎಷ್ಟೋ ಊರುಗಳಲ್ಲಿ ಇನ್ನೂ ದಶಕಗಳ ಕಾಲ ಬುಡ್ಡಿದೀಪ, ಲಾಟೀನೇ ಗತಿಯಾಗಿತ್ತು. ಭಾಗ್ಯಜ್ಯೋತಿಯ ಒಂದು ಬಲ್ಬು ಮನೆಗೆ ಬಂದದ್ದನ್ನು ನಮ್ಮ ತಂದೆತಾಯಿಗಳೇ ನೋಡಿದ್ದಾರೆ. ಅಂದರೆ ಇದು ಬಹಳ ಹಳೇ ಕಥೆಯೇನೂ ಅಲ್ಲ.

ಪೇಟೆಯ ರಾತ್ರಿಗಳಲ್ಲಿ ದೊಡ್ಡದು ಕರಗದ ರಾತ್ರಿ. ಚೈತ್ರ ಹುಣ್ಣಿಮೆಗೆ ಧರ್ಮರಾಯಸ್ವಾಮಿ ಗುಡಿಯಿಂದ ಮಲ್ಲಿಗೆ ಹೊದ್ದ ಕರಗ ನಡುರಾತ್ರಿ ದಾಟಿದ ಮೇಲೆ ಹೊರಡುತ್ತದೆ. ಅರಳೆಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಅಂದು ಕ್ಯಾಮೆರಾ ಹಿಡಿದವರು ಸಾವಿರಾರು. ಕರಗ ಹೊರುವವರು ತಿಗಳರು, ಹೂವು ತರಕಾರಿ ಬೆಳೆಯುವುದನ್ನೇ ಕಸುಬು ಮಾಡಿಕೊಂಡ ಜನ. ಇಡೀ ಪೇಟೆ ನಿದ್ದೆಗೆಟ್ಟು ಕಾಯುವುದು ತೋಟದವರ ದೇವರಿಗೆ!

ಕತ್ತಲನ್ನು ಚೆನ್ನಾಗಿ ಬಳಸಿಕೊಂಡ ನಮ್ಮ ಕಾಲದ ಕಲಾವಿದರೂ ಇದ್ದಾರೆ. ಮೈಸೂರಿನ ಬಾದಲ್ ನಂಜುಂಡಸ್ವಾಮಿ 2019ರಲ್ಲಿ ಮಾಡಿದ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಗಗನಯಾತ್ರಿಯ ವೇಷದವನು ಚಂದ್ರನ ಮೇಲೆ ನಡೆಯುತ್ತಾನೆ. ಅಷ್ಟರಲ್ಲಿ ಪಕ್ಕದಲ್ಲೊಂದು ಆಟೊ ಹೋಗುತ್ತದೆ. ನೋಡಿದರೆ ಅದು ಬೆಂಗಳೂರಿನದೇ ಗುಂಡಿಬಿದ್ದ ರಸ್ತೆ. ಅದು ಪೇಟೆಯಿಂದ ದೂರದ ಬಡಾವಣೆ. ಆದರೆ ರಾತ್ರಿ ಬೀಳುವ ಓರೆ ಬೆಳಕಿನಲ್ಲಿ ಹಗಲು ಕಾಣದ್ದು ಕಾಣುತ್ತದೆ ಎಂಬುದನ್ನು ನಾವು ಕಲಿತದ್ದು ಅದರಿಂದಲೇ.

ಬೆಳಗಿನ ಜಾವ ಮೂರೂವರೆಯ ಹೊತ್ತಿಗೆ ಹೂವಿನ ಮಾರ್ಕೆಟ್ಟಿಗೆ ಬಂದೆವು. ಸೇವಂತಿಗೆ, ಕನಕಾಂಬರ, ಚೆಂಡುಹೂವಿನ ರಾಶಿ. ಮೊಬೈಲಿನಲ್ಲಿ ರಾತ್ರಿ ಫೋಟೊ ತೆಗೆಯುವ ಬಗೆ ಸುಲಭ. ಫ್ಲಾಶ್ ಹಾಕಬೇಡಿ. ನೈಟ್ ಮೋಡ್ ಒತ್ತಿ, ಕಂಬಕ್ಕೋ ಗೋಡೆಗೋ ಕೈ ಆನಿಸಿ, ಎರಡು ಮೂರು ಸೆಕೆಂಡು ಅಲುಗಾಡದೆ ನಿಲ್ಲಿ. ಅಷ್ಟು ಹೊತ್ತು ಕ್ಯಾಮೆರಾ ಬೆಳಕು ಕೂಡಿಹಾಕುತ್ತದೆ. ಆಗ ನಿಂತದ್ದು ಸ್ಪಷ್ಟವಾಗಿ ಬರುತ್ತದೆ, ಓಡಾಡುವುದು ಹೊಗೆಯ ಹಾಗೆ ಕದಡುತ್ತದೆ.

ಹಾಗೆ ತೆಗೆದ ಒಂದು ಫೋಟೊದಲ್ಲಿ ಕೂಗುವ ದಲ್ಲಾಳಿಗಳು, ಕೊಳ್ಳುವವರು, ಮೂಟೆ ಹೊರುವವರು ಎಲ್ಲ ಬರೀ ಗೆರೆಗಳಾಗಿದ್ದರು. ಅವರ ನಡುವೆ ಖಾಲಿ ಚೀಲದ ಮೇಲೆ ಮಲಗಿದ್ದ ಒಬ್ಬ ಮುದುಕಪ್ಪನ ಮುಖ ಮಾತ್ರ ಸ್ಪಷ್ಟವಾಗಿ ಮೂಡಿತ್ತು. ಎದ್ದ ಮೇಲೆ ತೋರಿಸಿ, ಇಟ್ಟುಕೊಳ್ಳಬಹುದಾ ಎಂದು ಕೇಳಿದೆವು. ಬಹಳ ಹೊತ್ತು ನೋಡಿದರು. "ನನ್ ಫೋಟೊ ಯಾಕ್ರಪ್ಪಾ, ಎಲ್ರೂ ಹೂವಿಂದೇ ತಕ್ಕೊಂಡು ಹೋಗ್ತಾರೆ" ಎಂದರು. ಆಮೇಲೆ, "ಮೊಮ್ಮಗಳಿಗೆ ಕಳ್ಸಿ, ಊರಿಗೆ ಹಾಕ್ಬೇಡಿ" ಎಂದರು. ಮೊಮ್ಮಗಳ ನಂಬರಿಗೆ ಕಳಿಸಿದೆವು. ಅದಕ್ಕೇ ಆ ಫೋಟೊ ಇಲ್ಲಿ ಇಲ್ಲ.

ಅವರು ಹೇಳಿದ್ದು ಸುಳ್ಳಲ್ಲ. ಮಾರ್ಕೆಟ್ಟಿನ ಮಹಡಿಯಿಂದ ತೆಗೆದ ಹೂವಿನ ರಾಶಿಯ ಫೋಟೊಗಳಿಗೆ ಲೆಕ್ಕವಿಲ್ಲ. ಹೂವು ತಂದು ಅದರ ಪಕ್ಕದಲ್ಲೇ ಮಲಗುವವರನ್ನು ನಾವು ಅಷ್ಟಾಗಿ ಕಂಡಿಲ್ಲ. ಪೇಟೆಯ ಹೆಸರುಗಳಲ್ಲಿ ಇರುವ ಹಳ್ಳಿ ಪೇಟೆಯ ಚಿತ್ರಗಳಲ್ಲಿ ಕಡಿಮೆ.

ನಿಮಗೊಂದು ಕೆಲಸ ಹೇಳುತ್ತೇವೆ. ನಿಮ್ಮೂರಿಗೆ ಮೊದಲ ದೀಪ ಹೊತ್ತಿದ ದಿನವನ್ನು ಕಂಡ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಇವತ್ತು ರಾತ್ರಿಯೇ ಪಕ್ಕದಲ್ಲಿ ಕೂತು ಕೇಳಿ, ಬರೆದಿಟ್ಟುಕೊಳ್ಳಿ. ಅವರು ಒಪ್ಪಿದರೆ ಒಂದು ಫೋಟೊನೂ ತೆಗೆಯಿರಿ. ಫ್ಲಾಶ್ ಬೇಡ, ಮನೆಯ ದೀಪದ ಬೆಳಕೇ ಸಾಕು.