ಆಯೇರಿ, ಟಿಕೆಟ್, ಚಂದಾ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಬಯಲಾಟಕ್ಕೆ ಟಿಕೆಟ್ ಇರಲಿಲ್ಲ. ಊರವರು ಪಟ್ಟಿ ಎತ್ತಿ ಖರ್ಚು ಹೊಂದಿಸುತ್ತಿದ್ದರು. ಪಾತ್ರ ಮನಸ್ಸಿಗೆ ಬಂದರೆ ಪ್ರೇಕ್ಷಕರು ಆಟದ ನಡುವೆಯೇ ನಟರಿಗೆ ಹಣವನ್ನೋ ಬಟ್ಟೆಯನ್ನೋ ಆಯೇರಿ ಮಾಡುತ್ತಿದ್ದರು; ಕೊಟ್ಟವರ ಹೆಸರನ್ನು ರಂಗದಿಂದ ಕೂಗಿ ಹೇಳಲಾಗುತ್ತಿತ್ತು. ಅವರಿಗೆ ಸಿಗುತ್ತಿದ್ದ ಪ್ರತಿಫಲ ಅಷ್ಟೇ, ಆದರೆ ಅದು ಕೊಟ್ಟವರಿಗೆಲ್ಲ ತಪ್ಪದೆ ಸಿಗುತ್ತಿತ್ತು. ಬೈಲಹೊಂಗಲದ್ದೇ ಕಥೆಯಾದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಕೊಲೆಯ ಹೊತ್ತಿನಲ್ಲಿ ಇಂಥ ಕೂಗು ಎದ್ದರೆ ರಸಭಂಗವೇ ಸರಿ. ಮೇಳಕ್ಕೆ ಮಾತ್ರ ಅದು ಅನ್ನದ ಮಾತು.

ಸವದತ್ತಿ ತಾಲೂಕಿನ ರಂಗನಟ ಏಣಗಿ ಬಾಳಪ್ಪನವರು (1914–2017) ಬೆಳೆದ ವೃತ್ತಿ ನಾಟಕ ಕಂಪನಿಗಳು ಟಿಕೆಟ್ ನಂಬಿದವು. ಕಷ್ಟದಲ್ಲಿದ್ದ ನಟನಿಗಾಗಿ ಸಹಾಯಾರ್ಥ ಪ್ರಯೋಗ ನಡೆಸಿ, ಆ ರಾತ್ರಿಯ ಗಳಿಕೆಯನ್ನು ಅವನಿಗೆ ಕೊಡುವ ರೂಢಿಯೂ ಇತ್ತು. ಸಾಹಿತ್ಯದಲ್ಲಿ ದಾರಿ ಬೇರೆ: 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರಿಗೆ ವರ್ಷವರ್ಷವೂ ಪುಸ್ತಕ ಕಳಿಸಿತು.

ಈ ಯಾವ ರೂಢಿಯಲ್ಲೂ ಚೀಟಿ ಎತ್ತುವ ಮಾತಿಲ್ಲ. ಕಾನೂನಿನ ಗೆರೆಯೂ ಅಲ್ಲೇ ಇದೆ: ಕೊಟ್ಟ ಹಣ, ಬಹುಮಾನ, ಅದೃಷ್ಟ ಮೂರೂ ಕೂಡಿದರೆ ಲಾಟರಿ. ಅನುಮತಿಯಿಲ್ಲದ ಲಾಟರಿ ಕಚೇರಿ ನಡೆಸುವುದನ್ನು ಭಾರತೀಯ ದಂಡಸಂಹಿತೆಗೆ 1870ರಲ್ಲಿ ಸೇರಿಸಿದ 294ಎ ಕಲಮು ಅಪರಾಧವಾಗಿಸಿತು. 2024ರಿಂದ ಆ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮು ಇದೆ. ಕರ್ನಾಟಕ 2007ರಲ್ಲಿ ಲಾಟರಿ ಮಾರಾಟವನ್ನೇ ನಿಲ್ಲಿಸಿತು. ಇಂದಿನ ಗಾಯಕರಿಗೂ ಇದೇ ಗೆರೆ: ತಮ್ಮ ಯೂಟ್ಯೂಬ್ ಚಾನೆಲ್‌ನ ಸದಸ್ಯತ್ವ ಪಡೆದವರಿಗೆಲ್ಲ ಅವರು ಹೊಸ ಹಾಡನ್ನು ಮುಂಚಿತವಾಗಿ ಕೇಳಿಸಬಹುದು, ಹೆಸರು ಹೇಳಿ ವಂದಿಸಬಹುದು. ಸದಸ್ಯರಲ್ಲೊಬ್ಬರಿಗೆ ಚೀಟಿ ಎತ್ತಿ ಮೊಬೈಲ್ ಕೊಡಹೊರಟರೆ ಕಾನೂನಿನ ತೊಡಕು ಶುರು.